ಬಾಲ್ ಹಿಂದಕ್ಕೆ ಆಡಿ ಫೈನಲ್ ಗೆದ್ದದ್ದು: ನನ್ನ ಅನುಭವ

ಫುಟ್‌ಬಾಲ್ ಟೂರ್ನಿಯಲ್ಲಿ ಎರಡು ವರ್ಷ ಒಂದೇ ಟೀಮಿಗೆ ಸೋತಿದ್ದೆವು. ಒಮ್ಮೆ ಸೆಮಿಯಲ್ಲಿ, ಒಮ್ಮೆ ಫೈನಲ್‌ನಲ್ಲಿ. ಎರಡೂ ಸಲ 1-0. ಈ ವರ್ಷ ಅದೇ ಟೀಮನ್ನು ಫೈನಲ್‌ನಲ್ಲಿ 2-0 ಸೋಲಿಸಿದೆವು. ಅಲ್ಲಿಯವರೆಗೆ ಇಡೀ ಟೂರ್ನಿಯಲ್ಲಿ ಅವರಿಗೆ ಬಿದ್ದಿದ್ದು ಒಂದೇ ಗೋಲು, ಅದೂ ಪೆನಾಲ್ಟಿ. "ಹಿಂದಕ್ಕ ಆಡಿ ಯಾರ್ ಗೆದ್ದಾರ್ರೀ?" ಎಂದು ನಮ್ಮ ಹಿರಿಯರೇ ಕೇಳಿದ್ದರು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಬೆಳಗಾವಿ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತೇನೆ. ಸಂಜೆ ಹುಡುಗರನ್ನು ಆಡಿಸುತ್ತೇನೆ. ಟೀಮಿನಲ್ಲಿ ಅರ್ಧ ಜನ ಫೌಂಡ್ರಿ, ಮಷಿನ್ ಶಾಪ್ ಹುಡುಗರು. ಇನ್ನರ್ಧ ಕಾಲೇಜಿನವರು. ಶಿಫ್ಟ್ ಮುಗಿಸಿ ಬಂದವರು ಬೂಟು ಕಟ್ಟಿಕೊಳ್ಳುವ ಹೊತ್ತಿಗೆ ಆರೂವರೆ ಆಗುತ್ತದೆ. ಹಾಗಾಗಿ ದಿನಕ್ಕೆ ಹೆಚ್ಚೆಂದರೆ ಒಂದು ತಾಸು ಪ್ರಾಕ್ಟೀಸ್.

ಎದುರಾಳಿ ಟೀಮಿನ ಆಟ ನಿಮಗೆಲ್ಲ ಗೊತ್ತಿರುವಂಥದ್ದೇ. ಹಿಂದೆ ಐದು ಜನ, ಅವರ ಮುಂದೆ ನಾಲ್ಕು ಜನ, ಮೇಲೆ ಓಡೋಕೆ ಒಬ್ಬ. ಬಾಲ್ ನಮ್ಮ ಹತ್ತಿರ ಇದ್ದರೆ ಹತ್ತೂ ಜನ ತಮ್ಮ ಬಾಕ್ಸ್ (ಗೋಲಿನ ಮುಂದಿನ ದೊಡ್ಡ ಚೌಕ) ಮುಂದೆ ಗೋಡೆ ಕಟ್ಟುತ್ತಾರೆ. ಡಿಫೆನ್ಸ್‌ನ ನಡುವೆ ನಿಲ್ಲುವ ಸ್ಟಾಪರ್‌ಗಳಿಬ್ಬರೂ ಆರಡಿ ಮೇಲಿದ್ದಾರೆ. ಕ್ರಾಸ್ ಹಾಕಿದರೆ, ಅಂದರೆ ಪಕ್ಕದಿಂದ ಗೋಲಿನ ಮುಂದೆ ಬಾಲ್ ಎತ್ತಿ ಹಾಕಿದರೆ, ತಲೆಯಲ್ಲಿ ಹೊಡೆದು ಹೊರಗೆ ಕಳಿಸುತ್ತಾರೆ, ಅದೇ ಬಾಲ್ ಆ ಒಬ್ಬ ಹುಡುಗನಿಗೆ ಸಿಕ್ಕರೆ ಕೌಂಟರ್, ತಕ್ಷಣ ತಿರುಗೇಟು. 2004ರ ಯುರೋ ಕಪ್ ಫೈನಲ್‌ನಲ್ಲಿ ಗ್ರೀಸ್ ಒಂದು ಕಾರ್ನರ್‌ನಿಂದ ಪೋರ್ಚುಗಲ್‌ಗೆ ಗೋಲು ಹೊಡೆದು ಬಾಗಿಲು ಹಾಕಿಕೊಂಡಿತಲ್ವಾ, ಹಾಗೇ.

ಮೊದಲ ವರ್ಷ ನಾವು ಕ್ರಾಸ್ ಮೇಲೆ ಕ್ರಾಸ್ ಹಾಕಿದೆವು. ಮೂವತ್ತಕ್ಕೂ ಜಾಸ್ತಿ ಇರಬೇಕು. ನಮ್ಮವರ ತಲೆಗೆ ಸಿಕ್ಕಿದ್ದು ಮೂರೋ ನಾಲ್ಕೋ. ಎರಡನೇ ವರ್ಷ ಎಲ್ಲರೂ ಹೇಳಿದರು ಅಂತ ಗೋವಾದಿಂದ ಒಬ್ಬ ಸ್ಟ್ರೈಕರ್‌ನನ್ನು ಕರೆಸಿದೆವು. ಎರಡು ಮ್ಯಾಚಿಗೆ ಏಳು ಸಾವಿರ, ಬಸ್ಸು, ಲಾಡ್ಜ್, ಊಟ ಸೇರಿ ಹತ್ತರ ಹತ್ತಿರ ಹೋಯಿತು. ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೈನಲ್‌ನಲ್ಲಿ ಪೂರ್ತಿ 70 ನಿಮಿಷ ಇಬ್ಬರು ಸ್ಟಾಪರ್‌ಗಳ ನಡುವೆ ಸಿಕ್ಕಿಹಾಕಿಕೊಂಡ. ಆ ಜಾಗದಲ್ಲಿ ಯಾರನ್ನು ನಿಲ್ಲಿಸಿದರೂ ಅಷ್ಟೇ. ಆ ಹತ್ತು ಸಾವಿರ ಹುಡುಗರ ಸಂಬಳದಿಂದ ಕೂಡಿಸಿದ ದುಡ್ಡು. ಇವತ್ತಿಗೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಒಂದು ಭಾನುವಾರ ಮೈದಾನಕ್ಕೆ ಟೇಪ್ ಹಿಡಿದೆ. ಕಣ್ಣು ತೆರೆದದ್ದು ಅಲ್ಲಿ. ಟಿವಿಯಲ್ಲಿ ನೋಡುವ ದೊಡ್ಡ ಮೈದಾನಗಳ ಅಗಲ ಸಾಮಾನ್ಯವಾಗಿ 68 ಮೀಟರ್. ಪೆನಾಲ್ಟಿ ಬಾಕ್ಸ್ ಅಗಲ 40.3. ಅಂದರೆ ಬಾಕ್ಸ್‌ನ ಆಚೆ ಈಚೆ ಸುಮಾರು 14 ಮೀಟರ್ ಜಾಗ ಉಳಿಯುತ್ತದೆ. ನಮ್ಮ ಮೈದಾನದ ಅಗಲ 58 ಬಂತು. ನಿಯಮಕ್ಕೆ ಅದು ಸರಿಯೇ, 45ರಿಂದ 90ರವರೆಗೆ ನಡೆಯುತ್ತದೆ. ಆದರೆ ಬಾಕ್ಸ್ ಪಕ್ಕದಲ್ಲಿ ಉಳಿಯುವುದು 9 ಮೀಟರೂ ಇಲ್ಲ. ಅಲ್ಲಿ ಐದು ಜನ ಸಾಲಾಗಿ ನಿಂತರೆ ಪಕ್ಕದಲ್ಲಿ ಓಡುವ ವಿಂಗರ್‌ಗೆ ಉಸಿರಾಡೋಕೂ ಜಾಗ ಇಲ್ಲ. ನಾವೆಲ್ಲ "ಅಗಲ ಮಾಡಿ, ಅಗಲ ಮಾಡಿ" ಅಂತ ಕೂಗುತ್ತೇವೆ, ಇಲ್ಲದ ಅಗಲವನ್ನು ಹುಡುಗರು ಎಲ್ಲಿಂದ ತರಬೇಕು? ಅಗಲ ಇಲ್ಲ ಅಂದಮೇಲೆ ಉದ್ದದಲ್ಲೇ ಜಾಗ ಹುಡುಕಬೇಕು. ಅವರ ಹತ್ತು ಜನ ಕೊನೆಯ 25 ಮೀಟರ್‌ನಲ್ಲಿ ನಿಲ್ಲುತ್ತಾರೆ. ಅದನ್ನು 50 ಮೀಟರ್ ಮಾಡುವುದು ಹೇಗೆ?

ಉತ್ತರ ಕೊಟ್ಟವನು ನಮ್ಮ ಎಡ ಬ್ಯಾಕ್, ಅಂದರೆ ಡಿಫೆನ್ಸ್‌ನಲ್ಲಿ ಎಡ ಬದಿಗೆ ಆಡುವವನು. ಹಳ್ಳಿಯಿಂದ ಬಂದ ಹುಡುಗ, ಮೊದಲು ಕಬಡ್ಡಿ ಆಡುತ್ತಿದ್ದವನು. ಚಹಾ ಕುಡಿಯುತ್ತಾ ಹೇಳಿದ: "ಸರ್, ರೈಡಿಗೆ ಹೋದವ ಮುಂದ ಮುಂದ ಹೋದ್ರ ಚೈನ್ ಹಿಂದ ಸರೀತೈತ್ರಿ. ವಾಪಸ್ ಹೊಳ್ಳಿದ ಅಂದ್ರ ಹಿಡ್ಯಾಕ ಮುಂದ ಬರ್ತಾರ. ಆವಾಗ ಟಚ್ ಮಾಡೂದು." ನಾನು ಗ್ಲಾಸು ಕೆಳಗಿಟ್ಟೆ. ಎರಡು ವರ್ಷದಿಂದ ನಾವು ಮುಂದೆ ಮುಂದೆ ಹೋಗುತ್ತಿದ್ದೆವು, ಅವರು ಆರಾಮಾಗಿ ಹಿಂದೆ ಸರಿಯುತ್ತಿದ್ದರು. ಅವರಿಗೆ ಬೇಕಾದದ್ದನ್ನೇ ನಾವು ಮಾಡಿಕೊಡುತ್ತಿದ್ದೆವು.

ಹಾಗಾಗಿ ಪ್ಲಾನ್ ಇಷ್ಟೇ. ಬಾಲ್ ಅವರ ಬಾಕ್ಸ್ ಹತ್ತಿರ ಹೋದಮೇಲೆ ದಾರಿ ಕಾಣದಿದ್ದರೆ ಕ್ರಾಸ್ ಹಾಕೋದು ಬೇಡ. ಹಿಂದಕ್ಕೆ ಕೊಡಿ. ಮಿಡ್‌ಫೀಲ್ಡ್‌ಗೆ, ಅಲ್ಲಿಂದ ಸ್ಟಾಪರ್‌ಗೆ, ಬೇಕಾದರೆ ಗೋಲಿಯವರೆಗೂ (ಗೋಲ್‌ಕೀಪರ್). ಅವರ ನಾಲ್ಕು ಜನ ಹತ್ತು ಹೆಜ್ಜೆ ಮೇಲೆ ಬರುತ್ತಾರೆ. ಹಿಂದಿನ ಐದು ಜನ ಕೌಂಟರ್‌ನ ಹೆದರಿಕೆಯಲ್ಲಿ ಅಲ್ಲೇ ಉಳಿಯುತ್ತಾರೆ. ಆ ಎರಡು ಸಾಲುಗಳ ನಡುವೆ ಜಾಗ ತೆರೆದ ಕ್ಷಣ ಒಂದು ನೇರ ಪಾಸ್, ಪಡೆದವನು ತಿರುಗಬಾರದು, ಒಂದೇ ಟಚ್‌ನಲ್ಲಿ ಪಕ್ಕಕ್ಕೆ ಬಿಡಬೇಕು. ಮೂರನೆಯವನು ಓಡಿ ಬರಬೇಕು.

ಹೇಳಿದಷ್ಟು ಸುಲಭ ಇರಲಿಲ್ಲ. ಮೊದಲು ಪ್ರಯತ್ನಿಸಿದ ಲೀಗ್ ಮ್ಯಾಚ್‌ನಲ್ಲಿ 3-0 ಸೋತೆವು. ನಮ್ಮ ಕೆಂಪು ಮಣ್ಣಿನ ಮೈದಾನದಲ್ಲಿ ಬಾಲ್ ಹೇಗೆ ಪುಟಿಯುತ್ತದೆ ಗೊತ್ತಲ್ವಾ. ಸ್ಟಾಪರ್ ಗೋಲಿಗೆ ಕೊಟ್ಟ ಪಾಸ್ ಒಂದು ಹರಳಿಗೆ ತಾಗಿ ಸೀದಾ ಎದುರಾಳಿ ಕಾಲಿಗೆ ಹೋಯಿತು. ಎರಡನೆಯದು ಗೋಲಿಯ ತಪ್ಪು. ಬ್ಯಾಕ್ ಪಾಸ್ ಕೈಯಲ್ಲಿ ಹಿಡಿಯೋದು 1992ರಲ್ಲೇ ಬಂದ್ ಆಗಿದೆ, ಅವನಿಗೋ ಕಾಲಲ್ಲಿ ಆಡಿ ರೂಢಿಯೇ ಇಲ್ಲ. ಸುತ್ತ ನಿಂತವರೆಲ್ಲ "ಮುಂದಕ್ಕ ಹೊಡೀರೋ!" ಅಂತ ಬೈದರು. ಆ ರಾತ್ರಿ ನಮ್ಮ ಟೀಮಿಗೆ ದುಡ್ಡು ಹಾಕುವ ಒಬ್ಬ ಕಾಕಾ ಫೋನ್ ಮಾಡಿ, "ನೀ ಹುಡುಗೂರ ಜೋಡಿ ಏನ್ ಪ್ರಯೋಗ ನಡಸೀಯಪಾ?" ಎಂದರು. ಎರಡು ವಾರ ಟೈಮ್ ಕೊಡಿ ಎಂದು ಕೇಳಿಕೊಂಡೆ.

ಆ ಎರಡು ವಾರದಲ್ಲಿ ಮೂರು ಬದಲಾವಣೆ ಮಾಡಿದೆ. ಗೋಲಿಯನ್ನು ಬದಲಿಸಿದೆ. ಎರಡನೇ ಗೋಲಿ ಸ್ವಲ್ಪ ಗಿಡ್ಡ, ಆದರೆ ಕಾಲು ಚೆನ್ನಾಗಿದೆ. ಮೊದಲಿನವನಿಗೆ ಬೇಜಾರಾಯಿತು, ನಾಲ್ಕು ದಿನ ಪ್ರಾಕ್ಟೀಸಿಗೆ ಬರಲಿಲ್ಲ. ಮನೆಗೆ ಹೋಗಿ ಕರೆದುಕೊಂಡು ಬಂದೆ. ಎರಡನೆಯದು, ಹಿಂದಕ್ಕೆ ಆಡುವ ಪಾಸ್ ಗೋಲಿನ ಎದುರಿಗೆ ಇರಬಾರದು, ಪಕ್ಕಕ್ಕಿರಬೇಕು, ತಪ್ಪಿದರೂ ಹೊರಗೆ ಹೋಗಲಿ. ಮೂರನೆಯದು, ಪ್ರತಿ ಮ್ಯಾಚಿನ ದಿನ ಬೆಳಿಗ್ಗೆ ಮೈದಾನದಲ್ಲಿ ಓಡಾಡಿ ಯಾವ ಪಟ್ಟಿ ಸಪಾಟಾಗಿದೆ ಅಂತ ನೋಡಿಕೊಳ್ಳೋದು. ಟಾಸ್ ಗೆದ್ದರೆ ಕಿಕ್-ಆಫ್ ಬೇಡ, ಸೈಡ್ ಕೇಳಿ ಎಂದು ಕ್ಯಾಪ್ಟನ್‌ಗೆ ಹೇಳಿದ್ದೆ. ಮೊದಲ ಹಾಫ್‌ನಲ್ಲಿ ಹಿಂದಕ್ಕೆ ಜಾಸ್ತಿ ಆಡೋದು, ಹಾಗಾಗಿ ಆಗ ಸಪಾಟು ನೆಲ ನಮ್ಮ ಗೋಲಿನ ಕಡೆ ಇರಬೇಕು.

ಗೋಲ್ ಕಿಕ್ ಕೂಡ ಇದರಲ್ಲಿ ಸೇರಿಸಿದೆ, ಅಂದರೆ ಎದುರಾಳಿ ಒದ್ದ ಬಾಲ್ ನಮ್ಮ ಗೋಲ್‌ಲೈನ್ ಆಚೆ ಹೋದಾಗ ನಾವು ಒದೆಯುವ ಕಿಕ್. 2019ರಿಂದ ಗೋಲ್ ಕಿಕ್ ಬಾಲ್ ಬಾಕ್ಸ್ ದಾಟಬೇಕಿಲ್ಲ, ಒಳಗೇ ಸ್ಟಾಪರ್‌ಗೆ ಕೊಡಬಹುದು, ಒದೆಯುವವರೆಗೆ ಎದುರಾಳಿ ಬಾಕ್ಸ್ ಹೊರಗೇ ಇರಬೇಕು. ನಮ್ಮಲ್ಲಿ ಇನ್ನೂ ಬಹಳ ಟೀಮುಗಳು ಸುಮ್ನೆ ಉದ್ದಕ್ಕೆ ಒದೆಯುತ್ತವೆ. ಗೋಲ್ ಕಿಕ್‌ಗೆ ಆಫ್‌ಸೈಡೂ ಇಲ್ಲ, ಅಂದರೆ ಅವರ ಡಿಫೆನ್ಸ್ ಹಿಂದೆ ನಿಂತವನಿಗೆ ನೇರವಾಗಿ ಬಾಲ್ ಕೊಟ್ಟರೂ ತಪ್ಪಲ್ಲ. ನಮ್ಮ ಸ್ಟ್ರೈಕರ್‌ನನ್ನು ಅವರ ಸ್ಟಾಪರ್‌ಗಳ ಬೆನ್ನ ಹಿಂದೆ ನಿಲ್ಲಿಸಿದೆ. ಅವರು ಅವನ ಜೊತೆ ಕೆಳಗೆ ಹೋದರೆ ನಡುವೆ ಜಾಗ ತೆರೆಯುತ್ತದೆ, ಹೋಗದಿದ್ದರೆ ಉದ್ದ ಬಾಲ್‌ಗೆ ಅವನು ಒಬ್ಬನೇ.

ಹಗ್ಗದ ಪ್ರಯೋಗವನ್ನೂ ಹೇಳಬೇಕು. ಖಡೇಬಜಾರದಿಂದ ನೈಲಾನ್ ಹಗ್ಗ ತಂದು, ಡಿಫೆನ್ಸ್ ಆಡುವ ಐದು ಹುಡುಗರ ಸೊಂಟಕ್ಕೆ ಎಂಟೆಂಟು ಮೀಟರ್ ಬಿಟ್ಟು ಕಟ್ಟಿದೆ. ಒಬ್ಬ ಸರಿದರೆ ಎಲ್ಲರೂ ಸರಿಯಬೇಕು. ಮುಂದಿನ ಸಾಲಿಗೂ ಹಾಗೇ. ನಮ್ಮ ಅಟ್ಯಾಕ್ ಹುಡುಗರು ಹಗ್ಗ ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಡಿಲ ಬೀಳುತ್ತದೆ ಅಂತ ಕಣ್ಣಾರೆ ನೋಡಿದರು. ಒಬ್ಬ ಎಡವಿ ಬಿದ್ದು ಮೊಣಕಾಲು ಕೆತ್ತಿಕೊಂಡ, ಆಮೇಲೆ ನಡಿಗೆಯಲ್ಲಿ ಮಾತ್ರ ಮಾಡಿದೆವು. ನನ್ನ ಅಭಿಪ್ರಾಯ ಕೇಳಿದರೆ ಬೋರ್ಡ್ ಮೇಲೆ ಹತ್ತು ದಿನ ಬರೆದು ತೋರಿಸುವುದಕ್ಕಿಂತ ಈ ಹಗ್ಗ ಒಂದೇ ದಿನದಲ್ಲಿ ಜಾಸ್ತಿ ಕಲಿಸಿತು.

ಒದ್ದೆ ಬಾಲ್‌ನಲ್ಲಿ ಪ್ರಾಕ್ಟೀಸ್ ಮಾಡಿಸಿದ್ದೂ ಉಂಟು, ಭಾರ ಇದ್ದರೆ ಪಾಸ್ ಗಟ್ಟಿಯಾಗುತ್ತದೆ ಅಂತ. ಏನೂ ಉಪಯೋಗ ಆಗಲಿಲ್ಲ, ಒಂದು ಬಾಲ್ ಹೊಲಿಗೆ ಬಿಟ್ಟಿತು. ಸುಮಾರು ಒಂಬೈನೂರು ರೂಪಾಯಿ ಹೋಯಿತು.

ಹುಡುಗರಿಗೆ ಧೈರ್ಯ ಬರಲಿ ಅಂತ ಒಂದು ಹಳೆಯ ಮ್ಯಾಚ್ ತೋರಿಸಿದೆ. 1967ರ ಮೇ 25, ಲಿಸ್ಬನ್, ಯುರೋಪಿಯನ್ ಕಪ್ ಫೈನಲ್. ಇಟಲಿಯ ಇಂಟರ್ ಮಿಲಾನ್ ಏಳನೇ ನಿಮಿಷಕ್ಕೇ ಪೆನಾಲ್ಟಿಯಿಂದ ಗೋಲು ಹೊಡೆದು ಹಿಂದೆ ಕೂತಿತು. ಹೆಲೆನಿಯೊ ಹೆರೆರಾ ಅವರ ಕೋಚ್, ಆ ಆಟಕ್ಕೆ ಕತೆನಾಚ್ಚೊ ಅಂತಲೇ ಹೆಸರು, ಅಂದರೆ ಬಾಗಿಲ ಚಿಲಕ. ಎದುರಿಗೆ ಆಡಿದ ಸ್ಕಾಟ್ಲೆಂಡಿನ ಸೆಲ್ಟಿಕ್ 63ನೇ ನಿಮಿಷಕ್ಕೆ ಸಮ ಮಾಡಿತು. ಆ ಗೋಲು ನೋಡಿ. ಬಲ ಬ್ಯಾಕ್ ಕ್ರೇಗ್ ಬಾಲನ್ನು ಗೋಲಿನ ಮುಂದೆ ಎತ್ತಿ ಹಾಕಲಿಲ್ಲ, ಹಿಂದಕ್ಕೆ ಬಿಟ್ಟ, ಎಡ ಬ್ಯಾಕ್ ಜೆಮ್ಮೆಲ್ ಓಡಿ ಬಂದು ಬಾರಿಸಿದ. ಬ್ಯಾಕ್ ಕೊಟ್ಟದ್ದನ್ನು ಬ್ಯಾಕ್ ಹೊಡೆದ! 84ಕ್ಕೆ ಚಾಮರ್ಸ್ ಇನ್ನೊಂದು ಹೊಡೆದು 2-1. ಆ ಹನ್ನೊಂದೂ ಜನ ತಮ್ಮ ಮೈದಾನದ ಸುತ್ತ 30 ಮೈಲಿಯೊಳಗೆ ಹುಟ್ಟಿದವರು. ನಮ್ಮ ಲೆಕ್ಕದಲ್ಲಿ ಹೇಳಿದರೆ ಬೆಳಗಾವಿಯಿಂದ ಬೈಲಹೊಂಗಲದಷ್ಟು ದೂರ. ಅದನ್ನು ಕೇಳಿ ಹುಡುಗರು ಎರಡನೇ ಸಲ ಹಾಕಿಸಿ ನೋಡಿದರು. ಹೊರಗಿನ ಸ್ಟ್ರೈಕರ್ ಮಾತು ಅವತ್ತಿಗೆ ಮುಗಿಯಿತು.

ಎದುರಾಳಿಯ ಸೆಮಿಫೈನಲ್ ಅನ್ನು ಒಂದು ಗೂಡ್ಸ್ ಟೆಂಪೋ ಮೇಲೆ ಹತ್ತಿ ಮೊಬೈಲ್‌ನಲ್ಲಿ ತೆಗೆದೆವು. ಟೆಂಪೋ ನಮ್ಮವರದ್ದೇ, ಡೀಸೆಲ್ ಇನ್ನೂರು ಕೊಟ್ಟೆ. ಮೇಲಿನಿಂದ ನೋಡಿದರೆ ಕೆಳಗೆ ನಿಂತು ಕಾಣದ್ದೆಲ್ಲ ಕಾಣುತ್ತದೆ. ಅವರ ಬಲ ಕಡೆಯ ಮಿಡ್‌ಫೀಲ್ಡ್ ಹುಡುಗನಿಗೆ ತಾಳ್ಮೆ ಇಲ್ಲ, ಬಾಲ್ ಹಿಂದಕ್ಕೆ ಹೋದರೆ ಅವನೇ ಮೊದಲು ಓಡಿ ಬರುತ್ತಾನೆ. ನಮಗೆ ಬೇಕಾದದ್ದು ಅದೇ. ಇನ್ನೊಂದು ವಿಷಯವೂ ಕಂಡಿತು, ಅವರ ಗೋಲಿಯ ಬಗ್ಗೆ. ಅದನ್ನು ಇಲ್ಲಿ ಹೇಳುವುದಿಲ್ಲ, ಮುಂದಿನ ವರ್ಷವೂ ಅವರ ಜೊತೆ ಆಡಬೇಕು.

ಫೈನಲ್. 35-35 ನಿಮಿಷ. ಟಾಸ್ ಗೆದ್ದೆವು, ಸೈಡ್ ತೆಗೆದುಕೊಂಡೆವು. ಮೊದಲ ಇಪ್ಪತ್ತು ನಿಮಿಷ ಜನ ಸೀಟಿ ಹೊಡೆದರು. ನಮ್ಮವರು ಮುಂದೆ ಹೋಗುತ್ತಾರೆ, ತಿರುಗಿ ಬರುತ್ತಾರೆ, ಮುಂದೆ, ಹಿಂದೆ. ಕಾಕಾ ನನ್ನ ಪಕ್ಕದಲ್ಲೇ ಕೂತಿದ್ದರು, ಒಂದು ಮಾತೂ ಆಡಲಿಲ್ಲ. 25ನೇ ನಿಮಿಷದ ಸುಮಾರಿಗೆ ಆ ಬಲ ಕಡೆಯ ಹುಡುಗ ಅರ್ಧ ಮೈದಾನ ದಾಟಿ ನಮ್ಮ ಸ್ಟಾಪರ್ ಮೇಲೆ ಬಂದ. ಅವರ ಕೋಚ್ "ಹೊಳ್ಳಿ ಬಾ!" ಎಂದು ಕೂಗಿದ್ದು ನನಗೆ ಕೇಳಿಸಿತು. ಆಗ ನನಗೆ ಗೊತ್ತಾಯಿತು, ಇವತ್ತು ಗೋಲು ಬರುತ್ತದೆ.

ಹಾಫ್ ಟೈಮಿಗೆ 0-0. ಹುಡುಗರಿಗೆ ಬಾಳೆಹಣ್ಣು ಕೊಟ್ಟೆ, ಹೊಸದು ಏನೂ ಹೇಳಲಿಲ್ಲ. ಎರಡನೇ ಹಾಫ್ ಶುರುವಾಗಿ ಹತ್ತು ಹನ್ನೆರಡು ನಿಮಿಷ ಆಗಿರಬೇಕು. ಬಾಲ್ ಗೋಲಿಯವರೆಗೂ ಹೋಯಿತು. ಅವರ ನಾಲ್ವರಲ್ಲಿ ಮೂವರು ಮೇಲೆ ಬಂದುಬಿಟ್ಟಿದ್ದರು. ಗೋಲಿ ಎಡ ಸ್ಟಾಪರ್‌ಗೆ ಕೊಟ್ಟ, ಸ್ಟಾಪರ್ ನೆಲಕ್ಕೆ ಅಂಟಿಸಿದ ಹಾಗೆ ಒಂದು ನೇರ ಪಾಸ್ ಒದ್ದ, ನಡುವೆ ನಿಂತ ನಮ್ಮ ಹತ್ತನೇ ನಂಬರ್ ಹುಡುಗ ತಿರುಗದೆ ಒಂದೇ ಟಚ್‌ನಲ್ಲಿ ಎಡಕ್ಕೆ ಬಿಟ್ಟ, ಅಲ್ಲಿಗೆ ಕಬಡ್ಡಿ ಹುಡುಗ ಆಗಲೇ ಓಟ ಕಿತ್ತಿದ್ದ. ಗೋಲ್‌ಲೈನ್‌ವರೆಗೂ ಹೋದ. ಐದೂ ಜನ ಡಿಫೆನ್ಸ್‌ನವರು ಗೋಲಿನ ಕಡೆ ಓಡಿದರು. ಅವನು ಬಾಲ್ ಹಿಂದಕ್ಕೆ ಕೊಟ್ಟ. ಪೆನಾಲ್ಟಿ ಸ್ಪಾಟ್ ಹತ್ತಿರ ನಮ್ಮ ಬಲ ಬ್ಯಾಕ್ ಒಬ್ಬನೇ. 1-0. ಬ್ಯಾಕ್ ಕೊಟ್ಟು ಬ್ಯಾಕ್ ಹೊಡೆದ ಗೋಲು, ನಮ್ಮ ಬೆಳಗಾವಿಯಲ್ಲಿ! ಕಾಕಾ ಎದ್ದು ನನ್ನ ಹೆಗಲು ಹಿಡಿದರು, ಕಣ್ಣಲ್ಲಿ ನೀರು.

ಆಮೇಲೆ ಅವರು ಗೋಡೆ ಬಿಟ್ಟು ಹೊರಗೆ ಬರಲೇಬೇಕಾಯಿತು, ಅದು ಅವರಿಗೆ ಅಭ್ಯಾಸ ಇಲ್ಲದ ಆಟ. ಎರಡನೇ ಗೋಲು ಥ್ರೋನಿಂದ ಬಂತು, ಅಂದರೆ ಸೈಡ್ ಲೈನ್‌ನಿಂದ ಕೈಯಲ್ಲಿ ಎಸೆಯುವ ಬಾಲ್‌ನಿಂದ. ಥ್ರೋಗೂ ಆಫ್‌ಸೈಡ್ ಇಲ್ಲ, ಆದರೂ ಎಷ್ಟು ಟೀಮುಗಳು ಅದನ್ನು ಪ್ರಾಕ್ಟೀಸ್ ಮಾಡುತ್ತವೆ ಹೇಳಿ? ಸೆಮಿ ವಿಡಿಯೋದಲ್ಲಿ ಎಣಿಸಿದ್ದೆ, ಎರಡೂ ಕಡೆ ಸೇರಿ ನಲವತ್ತರ ಹತ್ತಿರ ಥ್ರೋ ಇದ್ದವು, ಕಾರ್ನರ್ ಆರೇಳು ಮಾತ್ರ. ನಾವು ವಾರಕ್ಕೆ ಎರಡು ದಿನ ಇಪ್ಪತ್ತು ನಿಮಿಷ ಥ್ರೋಗೇ ಕೊಟ್ಟಿದ್ದೆವು. ಯಾರು ಮೊದಲು ಓಡಬೇಕು, ಯಾವ ಪದ ಕೂಗಿದರೆ ಯಾವ ಓಟ, ಅದು ನಮ್ಮಲ್ಲೇ ಇರಲಿ.

ಖರ್ಚಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಬಾಲ್ ನಾಲ್ಕು, ಹಗ್ಗ, ಸುಣ್ಣದ ಚೀಲ, ಹಳೆಯ ಬಿಬ್‌ಗಳು, ಮೊಟ್ಟೆ, ಬಾಳೆಹಣ್ಣು, ಟೆಂಪೋ ಡೀಸೆಲ್, ಎಲ್ಲ ಸೇರಿ ಎಂಟೂವರೆ ಸಾವಿರ. ಹಿಂದಿನ ವರ್ಷದ ಒಬ್ಬ ಸ್ಟ್ರೈಕರ್‌ಗಿಂತ ಕಡಿಮೆ. ಬಹುಮಾನ ಮೂವತ್ತು ಸಾವಿರ, ಅದರಲ್ಲಿ ಇಪ್ಪತ್ತು ಕೈಗೆ ಬಂದಿದೆ, ಉಳಿದದ್ದಕ್ಕೆ ಮೂರು ಸಲ ಹೋಗಿ ಬಂದೆ, ಮುಂದಿನ ವಾರ ಅನ್ನುತ್ತಾರೆ. ಬಂದ ದುಡ್ಡಲ್ಲಿ ಮೊದಲು ಇಬ್ಬರು ಗೋಲಿಗಳಿಗೂ ಹೊಸ ಗ್ಲೌಸ್ ತಂದೆ. ಎಡ ಬ್ಯಾಕ್ ಹುಡುಗನಿಗೆ ಬೂಟು ಕೊಡಿಸಿದೆ. ಅವನು ಫೈನಲ್ ಆಡಿದ್ದು ಎಡಗಾಲಿನ ಬೂಟಿಗೆ ಸುತಳಿ ಸುತ್ತಿಕೊಂಡು.