ಸರಿಗಮದಲ್ಲಿ ನಾಲ್ಕು ಧ್ವನಿ: ನಮ್ಮ ಕ್ವಾಯರ್ ಅನುಭವ

ನಮ್ಮ ಚರ್ಚ್‌ನ ಕ್ವಾಯರ್‌ನಲ್ಲಿ (ಗಾಯಕವೃಂದದಲ್ಲಿ) 14 ಮಂದಿ. ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದಬಲ್ಲವರು ಮೂವರು. ಇಷ್ಟೇ ಜನರಲ್ಲಿ, ಸರಿಗಮದಲ್ಲಿ ಬರೆದ ಹಾಳೆ ಹಿಡಿದು, ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಿಂದ ಈಸ್ಟರ್‌ವರೆಗೆ 9 ಸಂಗೀತಗಳು (ಆರಾಧನೆಯ ಹಾಡುಗಳು) ನಾಲ್ಕು ಧ್ವನಿಯಲ್ಲಿ ನಿಂತವು, ಅವುಗಳಲ್ಲಿ ಎರಡನ್ನು ಹಾಡಿದ್ದು ಕೀಬೋರ್ಡ್ ಇಲ್ಲದೆ. ಮೊದಲು ಒಂದು ಹೊಸ ಕೋರಲ್‌ಗೆ (ಜರ್ಮನ್ ಮೂಲದ ನಾಲ್ಕು ಧ್ವನಿಯ ಸ್ತುತಿಗೀತೆ) ಒಂಬತ್ತು ಹತ್ತು ಶನಿವಾರ ಹಿಡಿಯುತ್ತಿತ್ತು, ಈಗ ನಾಲ್ಕು ಸಾಕು. ‘ಸರಿಗಮ ಬರೆದುಕೊಟ್ಟರೆ ಭಜನೆ ಆಗುತ್ತದೆ, ಕೋರಲ್ ಆಗುವುದಿಲ್ಲ’ ಎಂದಿದ್ದ ಪಕ್ಕದ ಸಭೆಯವರೇ ಈಗ ನಮ್ಮ ಹಾಳೆಗಳನ್ನು ಜೆರಾಕ್ಸ್‌ಗೆ ಒಯ್ಯುತ್ತಾರೆ.

ಟಾನಿಕ್ ಸೋಲ್‌ಫಾಗೂ (ಪಾಶ್ಚಾತ್ಯರ ಡೊ-ರೆ-ಮಿ ಪದ್ಧತಿ) ಸರಿಗಮಕ್ಕೂ ತತ್ವ ಒಂದೇ, ಷಡ್ಜ (ಸ) ಇಟ್ಟಲ್ಲಿಂದ ಉಳಿದದ್ದೆಲ್ಲ. ಮೇಲಿನ ಸ್ಥಾಯಿಗೆ ಮೇಲೆ ಚುಕ್ಕೆ, ಕೆಳಗಿನದಕ್ಕೆ ಕೆಳಗೆ ಚುಕ್ಕೆ, ಒಂದು ಎಣಿಕೆ ಎಳೆಯಲು ಅಲ್ಪವಿರಾಮ, ಅರ್ಧ ಎಣಿಕೆಯವಕ್ಕೆ ಅಡಿಗೆರೆ. ತೊಡಕು ಬಂದದ್ದು ಮೈನರ್ ಸ್ವರಶ್ರೇಣಿಯ ಹಾಡುಗಳಲ್ಲಿ. ‘ದ’ವನ್ನು ನೆಲೆಯಾಗಿ ಹಿಡಿದರೆ ಸಾಲಿನ ಕೊನೆಯಲ್ಲಿ ಪಂಚಮವನ್ನು (ಪ) ಅರ್ಧ ಸ್ವರ ಏರಿಸಬೇಕಾಗುತ್ತದೆ. ಕರ್ನಾಟಕ ಸಂಗೀತ ಕಲಿತವರು ‘ಪ ಅಚಲ ಸ್ವರ, ಅದು ಏರುವುದುಂಟೇ’ ಎಂದು ಅಲ್ಲೇ ನಿಲ್ಲುತ್ತಾರೆ, ಕಿವಿಯೂ ಒಪ್ಪುವುದಿಲ್ಲ. ಏರಿದ ಪಂಚಮಕ್ಕೆ ‘ಪೆ’ ಎಂದು ಬೇರೆ ಹೆಸರಿಟ್ಟ ಮೇಲೆ ಒಂದೇ ಶನಿವಾರದಲ್ಲಿ ಸರಿಹೋಯಿತು. ಏರಿದ ಮಧ್ಯಮಕ್ಕೆ ‘ಮಿ’, ಇಳಿದ ನಿಷಾದಕ್ಕೆ ‘ನು’. ಈ ಮೂರು ಅಕ್ಷರಗಳಲ್ಲಿ ಹೆಚ್ಚಿನ ಸಂಗೀತಗಳು ಮುಗಿಯುತ್ತವೆ.

ಮೊದಲ ಹಾಳೆಗಳಿಗೆ ಹಾಕಿದ ದುಡ್ಡು ದಂಡವಾಯಿತು. ನಾಲ್ಕು ಸಾಲಿಗೆ ನಾಲ್ಕು ಬಣ್ಣ ಕೊಟ್ಟು ಕಲರ್ ಪ್ರಿಂಟ್ ಮಾಡಿಸಿದ್ದಕ್ಕೆ ಸುಮಾರು 1,800 ರೂಪಾಯಿ. ಹಾಳೆ ಕಳೆದುಕೊಂಡವರು ಜೆರಾಕ್ಸ್ ಮಾಡಿಸಿಕೊಂಡರೆ ಎಲ್ಲ ಸಾಲೂ ಒಂದೇ ಕಪ್ಪು. ಈಗ ಪ್ರತಿ ಧ್ವನಿಗೂ ಬೇರೆ ಹಾಳೆ, ಅವರ ಸಾಲು ದಪ್ಪ ಅಕ್ಷರದಲ್ಲಿ, ಉಳಿದ ಮೂರು ಸಣ್ಣದಾಗಿ.

ಕಲಿಸುವ ಕ್ರಮ ತಲೆಕೆಳಗು. ಸೊಪ್ರಾನೊಗೆ (ಹೆಂಗಸರ ಎತ್ತರದ ಧ್ವನಿ) ರಾಗ ಮೊದಲೇ ಗೊತ್ತು, ಅವರನ್ನು ಕೊನೆಗೆ ಕೂಡಿಸಬೇಕು. ಮೊದಲು ಆಲ್ಟೋ (ಹೆಂಗಸರ ತಗ್ಗಿನ ಧ್ವನಿ), ಆಮೇಲೆ ಬಾಸ್ (ಗಂಡಸರ ತಗ್ಗಿನ ಧ್ವನಿ), ಇವೆರಡೂ ಒಟ್ಟಿಗೆ ನಿಂತ ಮೇಲೆ ಟೆನರ್ (ಗಂಡಸರ ಎತ್ತರದ ಧ್ವನಿ). ಆಲ್ಟೋ ಸಾಲು ಪ-ಮ-ಪ ಎಂದು ಒಂದೇ ಕಡೆ ಸುತ್ತುತ್ತದೆ. ಅದು ಗಟ್ಟಿಯಾಗುವ ಮೊದಲೇ ರಾಗ ಕಿವಿಗೆ ಬಿದ್ದರೆ ಇಡೀ ಸಾಲು ರಾಗದ ಹಿಂದೆ ಹೋಗುತ್ತದೆ. ನಮ್ಮಲ್ಲಿ ಟೆನರ್ ಇಬ್ಬರೇ. ಅವರ ಸಾಲನ್ನು ಎಲ್ಲಿ ಸರಳ ಮಾಡಿದರೆ ಕೇಳುವವರಿಗೆ ತಿಳಿಯುವುದಿಲ್ಲ ಎಂಬ ಗುಟ್ಟನ್ನು ಇಲ್ಲಿ ಬರೆಯುವುದಿಲ್ಲ, ಅಭ್ಯಾಸಕ್ಕೆ ಬಂದವರಿಗೆ ತೋರಿಸುತ್ತೇವೆ.

ಮನೆ ಅಭ್ಯಾಸದ ರೆಕಾರ್ಡಿಂಗ್‌ನಲ್ಲಿ ಅವರವರ ಸಾಲು ಎಡಗಿವಿಗೆ, ಉಳಿದ ಮೂರು ಬಲಗಿವಿಗೆ. ಎಡ ಇಯರ್‌ಫೋನ್ ತೆಗೆದು ಹಾಡಿ ದಾರಿ ತಪ್ಪದಿದ್ದರೆ ಪಾಠವಾಯಿತು. ವಾಟ್ಸಾಪ್‌ನಲ್ಲಿ ವಾಯ್ಸ್ ನೋಟ್ ಆಗಿ ಕಳಿಸಿದರೆ ಎಡ-ಬಲ ಬೆರೆತುಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಇದು ತಿಳಿಯುವಷ್ಟರಲ್ಲಿ ಎರಡು ತಿಂಗಳು ಹೋಯಿತು.

ಮಾತುಗಳ ಕೆಲಸಕ್ಕೇ ಹೆಚ್ಚು ಹೊತ್ತು ಬೇಕು. ಲಘು ಅಕ್ಷರ ಎರಡು ಮೂರು ಎಣಿಕೆಯ ಸ್ವರದ ಮೇಲೆ ಬಿದ್ದರೆ ‘ಬಲ’ ‘ಬಾಲ’ ಆಗುತ್ತದೆ, ‘ಮನ’ ‘ಮಾನ’ ಆಗುತ್ತದೆ. ಆರಾಧನೆಯಲ್ಲಿ ಇದು ಸಣ್ಣ ತಪ್ಪಲ್ಲ. ಅಂಥಲ್ಲಿ ಎರಡೂ ಅಕ್ಷರವನ್ನು ಮೊದಲ ಎಣಿಕೆಯಲ್ಲೇ ಹೇಳಿ ಎರಡನೆಯದನ್ನು ಎಳೆಯಬೇಕು. ಅನುಸ್ವಾರ ಬಂದರೆ ಸ್ವರವನ್ನು ಎಳೆದು ಮೂಗಿನ ಧ್ವನಿಯನ್ನು ಕೊನೆಯ ಗಳಿಗೆಗೆ ಇಡಬೇಕು, ಇಲ್ಲವಾದರೆ ‘ಕಂಠ’ ಎನ್ನುವಾಗ ಹದಿನಾಲ್ಕು ಬಾಯಿ ಮುಚ್ಚಿರುತ್ತವೆ. ಎಷ್ಟೋ ಇಂಗ್ಲಿಷ್ ರಾಗಗಳು ದುರ್ಬಲ ಎಣಿಕೆಯಿಂದ ಏಳುತ್ತವೆ. ಕನ್ನಡ ಪದದ ತೂಕವಿರುವುದು ಮೊದಲಕ್ಷರದಲ್ಲಿ. ಆ ಎಣಿಕೆಗೆ ‘ಓ’, ‘ನೀ’ ಹಾಕಿದ ಅನುವಾದ ಹಾಡಲು ಸುಲಭ, ಹಾಕದೆ ಇದ್ದದ್ದನ್ನು ಆ ಅಕ್ಷರ ಮೆತ್ತಗೆ ಮಾಡಿ ಹಾಡಬೇಕು. ಕಿಟ್ಟೆಲ್ 1862ರಲ್ಲೇ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಲ್ಲಿ ನಮ್ಮ ಛಂದಸ್ಸಿಗೆ ತಂದದ್ದು ಎಷ್ಟು ದೊಡ್ಡ ಕೆಲಸ ಎಂಬುದು ಈ ಎಳೆದಾಟ ಮಾಡಿದವರಿಗೆ ಗೊತ್ತು.

ನಡುವೆ ತಬಲಾ ಪ್ರಯೋಗವನ್ನೂ ಮಾಡಿದೆವು. ಮೂರು ಎಣಿಕೆಯ ಸಂಗೀತಕ್ಕೆ ಆರು ಮಾತ್ರೆಯ ದಾದ್ರಾ ತಾಳ ಚೆನ್ನಾಗಿ ಕೂಡಿತು. ಕೋರಲ್‌ಗೆ ಎಂಟು ಮಾತ್ರೆಯ ಕೆಹರ್ವಾ ಕೂಡಲಿಲ್ಲ, ಪ್ರತಿ ಸಾಲಿನ ಕೊನೆಯ ನಿಲುಗಡೆಯಲ್ಲಿ ತಾಳ ಮುರಿಯುತ್ತಿತ್ತು. ನಿಲುಗಡೆಗೆ ಪೂರ್ತಿ ಒಂದು ಆವರ್ತ (ತಾಳದ ಒಂದು ಸುತ್ತು) ಕೊಟ್ಟು ನೋಡಿದೆವು. ತಾಳ ಉಳಿಯಿತು, ಸಂಗೀತ ಭಾರವಾಯಿತು. ಬಿಟ್ಟೆವು.

ಬೆಳಗಿನ 8 ಗಂಟೆಯ ಆರಾಧನೆಗೆ ಗಂಟಲು ತೆರೆದಿರುವುದಿಲ್ಲ. ಜಿ ಮೇಜರ್ ಶ್ರುತಿಯ ಹಾಡನ್ನು ಒಂದು ಪೂರ್ತಿ ಸ್ವರ ಕೆಳಗಿನ ಎಫ್‌ಗೆ ಇಳಿಸುತ್ತೇವೆ. ಇದಕ್ಕೆ ಕೀಬೋರ್ಡ್‌ನ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ನಂಬಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ನಮ್ಮ ಕೀಬೋರ್ಡ್ ಸೊನ್ನೆಗೆ ಮರಳಿ, ಎರಡನೇ ಚರಣ ಒಂದು ಪೂರ್ತಿ ಸ್ವರ ಮೇಲಕ್ಕೆ ಹೋಯಿತು. ಎಫ್‌ನಲ್ಲೇ ಬಾರಿಸಲು ಕಲಿಯುವುದು ಮೇಲು. ಜೊತೆಗೆ ಸುಮಾರು 3,000 ರೂಪಾಯಿಯ ಯುಪಿಎಸ್. ವಾದ್ಯವಿಲ್ಲದೆ ಹಾಡುವಾಗ ನಾಲ್ಕು ಚರಣಕ್ಕೆ ಅರ್ಧ ಸ್ವರ ಶ್ರುತಿ ಇಳಿಯುವುದು ಗಾಂಧಾರದಲ್ಲಿ (ಗ), ಮತ್ತೆ ಮತ್ತೆ ಬರುವ ಒಂದೇ ಸ್ವರದಲ್ಲಿ. ಅಂಥ ಸ್ವರಗಳ ಮೇಲೆ ಹಾಳೆಯಲ್ಲಿ ಮೇಲ್ಮುಖ ಬಾಣ ಹಾಕಿ, ಸಾಲನ್ನು ‘ನೂ’ ಎಂದು ಹಾಡಿಸಿದರೆ ಬಹುಪಾಲು ನಿಲ್ಲುತ್ತದೆ.

ಮೈಕ್‌ನಲ್ಲಿ ದೊಡ್ಡ ನಷ್ಟ. ನಾಲ್ಕು ಕೈ ಮೈಕ್‌ಗೆ ಸುಮಾರು 9,000 ಹೋಯಿತು. ಹಿಡಿದವರ ಧ್ವನಿ ಮಾತ್ರ ಕೇಳಿಸಿತು, ಮೇಲಾಗಿ ಸ್ಪೀಕರ್‌ನ ಕೀರಲು ಕೂಗು ಬೇರೆ. ಅವನ್ನು ಪ್ರಸಂಗಕ್ಕೂ (ಪ್ರವಚನಕ್ಕೂ) ಬೈಬಲ್ ವಾಚನಕ್ಕೂ ಬಿಟ್ಟು, ದೂರದಿಂದಲೇ ಇಡೀ ಗುಂಪಿನ ಧ್ವನಿ ಹಿಡಿಯುವ ಎರಡು ಸಣ್ಣ ಕಂಡೆನ್ಸರ್ ಮೈಕ್ ತಂದೆವು. ಮುಂದಿನ ಸಾಲಿನಿಂದ ಎರಡೂವರೆ ಅಡಿ ಮುಂದೆ, ತಲೆಗಿಂತ ಒಂದಡಿ ಮೇಲೆ, ಎರಡರ ನಡುವೆ ಏಳೂವರೆ ಅಡಿಗೆ ಕಡಿಮೆ ಇರಬಾರದು. ಅದಕ್ಕಿಂತ ಹತ್ತಿರ ತಂದರೆ ಧ್ವನಿ ಟೊಳ್ಳಾಗುತ್ತದೆ. ಮಿಕ್ಸರ್‌ನಲ್ಲಿ ಈ ಮೈಕ್‌ಗಳಿಗೆ ವಿದ್ಯುತ್ ಕೊಡುವ 48 ವೋಲ್ಟ್ ಫ್ಯಾಂಟಮ್ ಬಟನ್ ಒತ್ತುವಾಗ ಮೇನ್ ವಾಲ್ಯೂಮ್ ಇಳಿಸಿರಬೇಕು. ಕರಾವಳಿಯ ಜೂನ್ ತಿಂಗಳ ತೇವಕ್ಕೆ ಇವು ಚಟಪಟ ಎನ್ನುತ್ತವೆ. ಆರಾಧನೆ ಮುಗಿದ ಕೂಡಲೇ ಕಳಚಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತೇವೆ. ಮಳೆ ಮುಗಿಯುವವರೆಗೆ ಪೊಟ್ಟಣವನ್ನು ತಿಂಗಳಿಗೊಮ್ಮೆ ಬದಲಿಸಬೇಕು.