ಮನೆ ಮಾರ್ತೀರಾ ಅಂತ ಅಪರಿಚಿತರು ಕೇಳಿದರೆ

ನೀವು ಮಾರಾಟಕ್ಕೇ ಇಡದ ಮನೆಯನ್ನು ಕೊಳ್ಳುತ್ತೇವೆ ಅಂತ ಕರೆ, ಮೆಸೇಜ್ ಬಂದರೆ ಉತ್ತರ ಕೊಡಲೇಬೇಕು ಅಂತೇನಿಲ್ಲ. ನಿಮ್ಮ ಹೆಸರು, ವಿಳಾಸ ಗೊತ್ತಿದೆ ಅನ್ನೋ ಒಂದೇ ಕಾರಣಕ್ಕೆ ಅವರನ್ನು ಸುಮ್ನೆ ನಂಬಬೇಡಿ.

ಮನೆಯನ್ನೇ ನೋಡದೆ ಜಾಸ್ತಿ ಬೆಲೆ ಹೇಳುವುದು, ಆಮೇಲೆ ಪ್ರೊಸೆಸಿಂಗ್ ಫೀ ಕೇಳುವುದು ಮೋಸದ ಹಳೆಯ ದಾರಿ. ಕೊಳ್ಳುವವರಿಗೆ ಮಾರುವವರೇ ದುಡ್ಡು ಕೊಡುವುದು ಎಲ್ಲಾದರೂ ಉಂಟೇ? ದೊಡ್ಡ ಮೊತ್ತದ ಚೆಕ್ ಕೊಟ್ಟು, ಹೆಚ್ಚಾದದ್ದನ್ನು ವಾಪಸ್ ಕಳಿಸಿ ಅಂದರೂ ಅಷ್ಟೇ. ಚೆಕ್ ಬೌನ್ಸ್ ಆಗುವಷ್ಟರಲ್ಲಿ ನಿಮ್ಮ ಹಣ ಹೋಗಿರುತ್ತದೆ.

ಮನೆಯ ಮೂಲ ಪತ್ರ, ಒಟಿಪಿ ಕೊಡಬೇಡಿ. ಪವರ್ ಆಫ್ ಅಟಾರ್ನಿಗೆ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಕೊಡುವ ಪತ್ರಕ್ಕೆ, ಸಹಿಯಂತೂ ಬೇಡವೇ ಬೇಡ. ಮಾರುವ ಮನಸ್ಸಿದ್ದರೆ ನೀವೇ ಆರಿಸಿದ ವಕೀಲರಿಗೆ ಕರಾರು ತೋರಿಸಿ. ಅದಕ್ಕೂ ಕಾಯದೆ ಅವಸರ ಮಾಡುವವರ ಜೊತೆ ಮಾತೇ ಬೇಡ, ಅಲ್ವಾ? ಒಂಟಿಯಾಗಿರುವ ಹಿರಿಯರಿಗೆ ದಯವಿಟ್ಟು ಇದನ್ನು ಇವತ್ತೇ ತಿಳಿಸಿ.