ಮಾಂಡವಿಯಲ್ಲಿ ಕಯಾಕಿನ ವೇಗ ಅಳೆದ ಬಗೆ

ಮೊಬೈಲಿನ ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗ. ಕಯಾಕ್ ಎಂಬ ಕಿರುದೋಣಿ ನೀರನ್ನು ಎಷ್ಟು ವೇಗವಾಗಿ ಸೀಳುತ್ತಿದೆ ಎಂಬುದು ಅದಕ್ಕೆ ತಿಳಿಯದು. ಗೋವಾದ ಮಾಂಡವಿ ನದಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ಹೊಳೆ ಪಣಜಿಯ ಹತ್ತಿರ ಬರುವ ಹೊತ್ತಿಗೆ ಸಮುದ್ರದ ಮಾತು ಕೇಳತೊಡಗಿರುತ್ತದೆ: ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇಳಿತದ ಜೊತೆ ಹೊರಟರೆ ಎಲ್ಲರೂ ವೀರರೇ. ವಾಸ್ಕೋದಲ್ಲಿರುವ ಕಾರವಾರದ ಗೆಳೆಯ, "ಏಳು ಕಿಲೋಮೀಟರ್ ತೋರಿಸುತ್ತಿದೆಯಲ್ಲ ಮಾರಾಯ, ಇನ್ನೇನು ಬೇಕು?" ಎನ್ನುತ್ತಾನೆ. ನನಗೆ ಬೇಕಿದ್ದದ್ದು, ದುಡ್ಡು ಕೊಟ್ಟು ತಂದ ಹೊಸ ಹುಟ್ಟಿನಿಂದ (ಪ್ಯಾಡಲ್) ಲಾಭವಾಯಿತೇ ಎಂಬ ಉತ್ತರ. ಅದರಲ್ಲಿ ನದಿಯ ಪಾಲು ಬೆರೆಯಬಾರದು.

ಸುಲಭದ ದಾರಿ ಎಂದರೆ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಅಳೆದು ಸರಾಸರಿ ತೆಗೆಯುವುದು. ಹರಿವಿನ ಜೊತೆ ಗಂಟೆಗೆ 7 ಕಿ.ಮೀ., ಎದುರಾಗಿ 4 ಬಂದರೆ ನಿಮ್ಮ ವೇಗ 5.5, ಹರಿವಿನದು 1.5. ಇಲ್ಲಿ ಎರಡು ವೇಗಗಳನ್ನೇ ಕೂಡಿಸಿ ಅರ್ಧ ಮಾಡಬೇಕು. ಅರ್ಧ ಅರ್ಧ ಕಿಲೋಮೀಟರ್ ಹೋಗಿ ಬಂದು ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿದರೆ 5.1 ಬರುತ್ತದೆ, ಏಕೆಂದರೆ ಎದುರು ಹರಿವಿನಲ್ಲಿ ಕಳೆದ ಸಮಯವೇ ಹೆಚ್ಚು. ಈ ವಿಧಾನದ ದೊಡ್ಡ ತೊಂದರೆ ಬೇರೆಯೇ: ನೀವು ತಿರುಗಿ ಬರುವಷ್ಟರಲ್ಲಿ ಹರಿವು ಬದಲಾಗಿರುತ್ತದೆ.

ಹಳೆಯ ನಾವಿಕರಂತೆ ಮೂತಿಯ ಬಳಿ ಏನಾದರೂ ತೇಲಿಬಿಟ್ಟು, ಅದು ಹಿಂಬದಿ ದಾಟುವ ಸಮಯ ಅಳೆಯಬಹುದು. ಹಡಗಿಗೆ ಅದು ಸರಿ. 4.3 ಮೀಟರಿನ ಕಯಾಕಿಗೆ ಮೂರು ಸೆಕೆಂಡೂ ಸಿಗುವುದಿಲ್ಲ, ಬೆರಳು ಕಾಲು ಸೆಕೆಂಡ್ ತಡವರಿಸಿದರೆ ಲೆಕ್ಕ ಕೆಟ್ಟಿತು. 1732ರಲ್ಲಿ ಫ್ರೆಂಚ್ ಇಂಜಿನಿಯರ್ ಹೆನ್ರಿ ಪಿಟೋ ತೋರಿಸಿದ ಬಾಗಿದ ಕೊಳವೆಯೂ ಇದೆ: ಅದರ ಬಾಯನ್ನು ಮುಂದಕ್ಕೆ ಮಾಡಿ ನೀರಿನಲ್ಲಿಟ್ಟರೆ, ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ಕೊಳವೆಯೊಳಗೆ ನೀರು ಸುಮಾರು ಐದು ಸೆಂಟಿಮೀಟರ್ ಏರುತ್ತದೆ. ಆದರೆ ಪ್ರತಿ ಹುಟ್ಟಿಗೂ ಕಯಾಕ್ ಮುಂದೆ ನುಗ್ಗಿ ಹಿಂಜರಿಯುವುದರಿಂದ ಕೊಳವೆಯ ನೀರು ಕುಣಿಯುತ್ತಲೇ ಇರುತ್ತದೆ.

ನನಗೆ ಒಗ್ಗಿದ್ದು ಹಗ್ಗ. ಅಳತೆಯ ದಾರಿಯನ್ನು ದಡದ ಮೇಲೆ ಗುರುತಿಸುವ ಬದಲು ನೀರಿನ ಮೇಲೆಯೇ ಹಾಸಿದರೆ ಅದು ಹರಿವಿನ ಜೊತೆಗೇ ಸಾಗುತ್ತದೆ, ನದಿ ತಾನಾಗಿಯೇ ಲೆಕ್ಕದಿಂದ ಹೊರಬೀಳುತ್ತದೆ. 50 ಮೀಟರ್ ಪಾಲಿಪ್ರೊಪಿಲೀನ್ ಹಗ್ಗ ತಂದೆ. ಅದು ತೇಲುತ್ತದೆ, ನೈಲಾನ್ ಮುಳುಗುತ್ತದೆ. ಎರಡು ತುದಿಗೂ ಕುತ್ತಿಗೆಯವರೆಗೆ ನೀರು ತುಂಬಿದ ಬಾಟಲಿ ಕಟ್ಟಿ, ಪ್ರತಿ ಬಾಟಲಿಯ ಕೆಳಗೆ ಒಂದು ಸಣ್ಣ ಕಲ್ಲು ಹಾಕಿದ ಬಟ್ಟೆಚೀಲ ಇಳಿಬಿಟ್ಟೆ. ಬಾಟಲಿ ಗಾಳಿಯ ಮಾತು ಕೇಳದೆ ನೀರಿನ ಮಾತು ಕೇಳುವಂತೆ ಮಾಡುವುದು ಆ ಚೀಲವೇ. ಬಿಳಿ ಬಾಟಲಿ ಹೊಳಪಿನಲ್ಲಿ ಕಾಣುವುದಿಲ್ಲ, ಕೆಂಪು ಬಟ್ಟೆ ಸುತ್ತಿ.

ರಾಯಬಂದರ–ಚೋಡಣ ಫೆರಿಯ ದಾರಿಯಿಂದಲೂ ಬಾರ್ಜುಗಳ ಕಾಲುವೆಯಿಂದಲೂ ದೂರ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ದಡದ ಕಡೆ ಇದನ್ನು ಹಾಸುತ್ತೇನೆ. ದಡಕ್ಕೆ ತೀರ ಹತ್ತಿರ ಮಾತ್ರ ಬೇಡ. ಅಲ್ಲಿ ಹರಿವು ನಿಧಾನ, ಒಂದು ತುದಿ ಹಿಂದುಳಿದು ಹಗ್ಗ ಬಾಗುತ್ತದೆ. ಬಾಗಿದ ಹಗ್ಗದ ಅಳತೆಯನ್ನು ಎಸೆದುಬಿಡುವುದೇ ಒಳ್ಳೆಯದು. ಮೊದಲ ಬಾಟಲಿಗೆ ಇಪ್ಪತ್ತು ಮೀಟರ್ ಮೊದಲೇ ವೇಗ ಹಿಡಿದು, ಒಂದೇ ತಾಳದಲ್ಲಿ ಹುಟ್ಟು ಹಾಕುತ್ತಾ ಹಗ್ಗದ ಪಕ್ಕದಲ್ಲಿ ಸಾಗಬೇಕು. ಗಡಿಯಾರದ ಗುಂಡಿ ಒತ್ತಲು ಕೈ ಬಿಟ್ಟರೆ ತಾಳ ತಪ್ಪುತ್ತದೆ. ನಾನು ಜಲನಿರೋಧಕ ಚೀಲದಲ್ಲಿ ಮೊಬೈಲಿನ ಧ್ವನಿಮುದ್ರಣ ಹಾಕಿಟ್ಟು, ಬಾಟಲಿ ಸೊಂಟದ ಸಮಕ್ಕೆ ಬಂದಾಗ "ಈಗ" ಎಂದು ಕೂಗುತ್ತೇನೆ. ದಡದಲ್ಲಿ ಗಾಳ ಹಾಕಿ ಕುಳಿತವರು ಏನೆಂದುಕೊಂಡರೋ!

ಹಳೆಯ ಹುಟ್ಟಿಗೆ 34.5 ಸೆಕೆಂಡಿನ ಆಸುಪಾಸು, ಅಂದರೆ ಗಂಟೆಗೆ 5.2 ಕಿ.ಮೀ. ಹೊಸದಕ್ಕೆ 33, ಎಂದರೆ 5.45. ಬೆಲೆ ನೋಡಿದರೆ ಕಡಿಮೆಯೇ, ಆದರೆ ಪ್ರತಿ ಸಲವೂ ಅದೇ ಕಡೆಗೆ ವಾಲುವ ಅಂತರ. ಮಧ್ಯಾಹ್ನ ಸಮುದ್ರದ ಗಾಳಿ ಎದ್ದ ಮೇಲೆ ಅದು ಮಾಯವಾಗುತ್ತದೆ, ಗಾಳಿಯ ಏರುಪೇರೇ ಅದನ್ನು ನುಂಗುತ್ತದೆ. ಹಾಗಾಗಿ ಅಳೆಯುವುದಿದ್ದರೆ ಬೆಳಗ್ಗೆಯೇ.